ಅಳತೆ ಒಂದಾಗದೆ ಆಡಳಿತ ಒಂದಾಗದು

1904ನೇ ಇಸವಿ ಫೆಬ್ರವರಿ 7, ಆದಿತ್ಯವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರ ಕೇಂದ್ರದಲ್ಲಿದ್ದ ಒಂದು ಉಗ್ರಾಣಕ್ಕೆ ಬೆಂಕಿ ಹಿಡಿಯಿತು. ಊರಿನ ಅಗ್ನಿಶಾಮಕ ದಳದ ಕೈಮೀರಿ ಹೋದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಮುಂತಾದ ಕಡೆಗಳಿಂದ ನೆರವಿನ ದಳಗಳು ಧಾವಿಸಿ ಬಂದುವು. ಯಂತ್ರಗಳಿದ್ದುವು, ಆಳುಗಳಿದ್ದರು, ನೀರೂ ಇತ್ತು. ಆದರೆ ಹೊರಗಿನಿಂದ ಬಂದ ಅನೇಕ ಕೊಳವೆಗಳ ತಿರುಪು ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂಡಲಿಲ್ಲ. ಮೂವತ್ತು ಗಂಟೆಗಳಷ್ಟು ಕಾಲ ಉರಿದ ಆ ಬೆಂಕಿ 1,500ಕ್ಕೂ ಮಿಕ್ಕಿದ ಕಟ್ಟಡಗಳನ್ನು ನುಂಗಿತು. ಆಮೇಲೆ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯವರು ಪರಿಶೀಲಿಸಿದಾಗ ದೇಶದಲ್ಲಿ ಬಳಕೆಯಲ್ಲಿದ್ದ ಕೊಳವೆ ಜೋಡಣೆಗಳಲ್ಲಿ 600ಕ್ಕೂ ಹೆಚ್ಚು ಬಗೆಗಳು ಕಂಡುಬಂದುವು. ಪ್ರತಿಯೊಂದು ಊರೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ಎಲ್ಲರೂ ಸೇರಬೇಕಾಗಿ ಬಂದ ದಿನ ಮಾತ್ರ ಯಾವುದೂ ಸರಿಯಾಗಿರಲಿಲ್ಲ.

ಶತಮಾನ ಹಿಂದಿನ ಬೆಂಕಿಯ ಕಥೆ ನಮಗೇಕೆ ಎಂದು ವಾಚಕರು ಕೇಳಬಹುದು. ಸರಕಾರದ ಕಚೇರಿಗಳೆಲ್ಲ ಈಗ ಕಂಪ್ಯೂಟರಿನ ಮೇಲೆ ನಡೆಯುತ್ತಿವೆ. ಕಂದಾಯಕ್ಕೊಂದು, ರೇಶನಿಗೊಂದು, ಶಾಲೆಗೊಂದು, ಪಿಂಚಣಿಗೊಂದು, ಆಸ್ಪತ್ರೆಗೊಂದು ಎಂದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಿಂದ ವ್ಯವಸ್ಥೆಗಳು ಎದ್ದಿವೆ. ಒಂದೊಂದೂ ತನ್ನ ಮಟ್ಟಿಗೆ ಸರಿ. ಆದರೆ ಒಂದರ ಕೊಳವೆ ಇನ್ನೊಂದರ ನಲ್ಲಿಗೆ ಕೂಡುತ್ತದೆಯೇ? ಕೂಡದಿದ್ದರೆ ನಡುವೆ ಓಡಾಡಬೇಕಾದವರು ಯಾರು? ಕೈಯಲ್ಲಿ ಕಾಗದದ ಕಟ್ಟು ಹಿಡಿದ ಬಡ ಅರ್ಜಿದಾರರೇ ಅಲ್ಲವೇ?

ನಕ್ಷೆ ಎಂದರೇನು?

ಈ ತೊಡಕಿಗೆ ಪರಿಹಾರವಾಗಿ ಹುಟ್ಟಿದ ಶಾಸ್ತ್ರವನ್ನು ಬಲ್ಲವರು ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಹೆಸರು ಭಾರವಾಗಿದ್ದರೂ ಒಳಗಿನ ತತ್ವ ಸರಳ. ಅದನ್ನು ನಾವು ಆಡಳಿತದ ವಾಸ್ತುನಕ್ಷೆ ಎಂದು ಕರೆಯೋಣ. ಮನೆ ಕಟ್ಟುವಾಗ ಯಜಮಾನನಿಗೆ ಬೇಕಾದುದು ಎಷ್ಟು ಕೋಣೆ, ಎಲ್ಲಿ ಬಾಗಿಲು ಎಂಬ ಚಿತ್ರ. ಮೇಸ್ತ್ರಿಗೆ ಬೇಕಾದುದು ಗೋಡೆಯ ದಪ್ಪ. ವಿದ್ಯುತ್ ಕೆಲಸದವನಿಗೆ ತಂತಿಯ ದಾರಿ. ಚಿತ್ರಗಳು ಬೇರೆಯಾದರೂ ಮನೆ ಒಂದೇ. ಆದುದರಿಂದ ಚಿತ್ರಗಳು ಪರಸ್ಪರ ಹೊಂದಬೇಕು. ಐಬಿಎಂ ಸಂಸ್ಥೆಯಲ್ಲಿದ್ದ ಜಾನ್ ಝಾಕ್‌ಮನ್ ಎಂಬವರು 1987ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದೇ ಕಟ್ಟಡದ ಹೋಲಿಕೆಯನ್ನು ಕಂಪ್ಯೂಟರ್ ವ್ಯವಸ್ಥೆಗಳಿಗೆ ಅನ್ವಯಿಸಿದರು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಬಳಕೆಗೆಂದು ಸಿದ್ಧಪಡಿಸಿದ್ದ ಚೌಕಟ್ಟನ್ನು ಆಧರಿಸಿ 1995ರಲ್ಲಿ ಟೋಗಾಫ್ ಎಂಬ ಮಾದರಿ ಹೊರಬಂತು. ಅದು ಇಂದಿಗೂ ಲೋಕದ ಅನೇಕ ಕಡೆ ಬಳಕೆಯಲ್ಲಿದೆ.

ಈ ನಕ್ಷೆಗೆ ಮುಖ್ಯವಾಗಿ ನಾಲ್ಕು ಅಂತಸ್ತುಗಳು. ವೃದ್ಧಾಪ್ಯ ಪಿಂಚಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅರ್ಜಿ ಯಾರ ಮೇಜಿಗೆ ಬರಬೇಕು, ಯಾರು ಪರಿಶೀಲಿಸಬೇಕು, ಯಾರು ಮಂಜೂರು ಮಾಡಬೇಕು ಎಂಬುದು ಮೊದಲನೆಯದು. ಅದು ಕೆಲಸದ ಅಂತಸ್ತು. ಹೆಸರು, ವಯಸ್ಸು, ಆದಾಯ, ಬ್ಯಾಂಕಿನ ಖಾತೆ ಎಂಬಿವು ಎರಡನೆಯದು, ಮಾಹಿತಿಯ ಅಂತಸ್ತು. ಈ ಮಾಹಿತಿಯನ್ನು ನಡೆಸುವ ತಂತ್ರಾಂಶ ಮೂರನೆಯದು. ಯಂತ್ರ, ತಂತಿ, ಜಾಲಗಳು ಕೊನೆಯವು. ನಮ್ಮ ಕಚೇರಿಗಳಲ್ಲಿ ಬಹಳ ಸಲ ಕೊನೆಯದನ್ನು ಮೊದಲು ಕೊಳ್ಳುತ್ತಾರೆ. ಮೊದಲನೆಯದನ್ನು ಕೊನೆಗೆ ಯೋಚಿಸುತ್ತಾರೆ. ಪಾಯ ತೋಡುವ ಮೊದಲೇ ಹೆಂಚು ತಂದಿಟ್ಟ ಹಾಗೆ.

ನಕ್ಷೆಯಿದ್ದರೂ ಸಾಲದು, ಅಳತೆಗೋಲು ಒಂದೇ ಇರಬೇಕು. ಇದನ್ನೇ ಮಾನಕ ಎನ್ನುವುದು. ಒಂದು ಸಣ್ಣ ನಿದರ್ಶನ: ಜನ್ಮದಿನವನ್ನು 5-6-1960 ಎಂದು ಬರೆದರೆ ನಮ್ಮವರಿಗೆ ಅದು ಜೂನ್ 5, ಅಮೆರಿಕದವರಿಗೆ ಮೇ 6. ಮನುಷ್ಯನಾದರೆ ಸಂಶಯ ಬಂದಾಗ ಕೇಳುತ್ತಾನೆ. ಯಂತ್ರ ಕೇಳುವುದಿಲ್ಲ. ಅದಕ್ಕಾಗಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲಿ ಮೊದಲು ವರ್ಷ, ನಂತರ ತಿಂಗಳು, ಕೊನೆಗೆ ದಿನ ಎಂಬ ಕ್ರಮವನ್ನು ಗೊತ್ತುಪಡಿಸಿತು. ನೋಡಲು ಕ್ಷುಲ್ಲಕ ಸಂಗತಿ. ಆದರೆ ಒಬ್ಬ ಹಿರಿಯರಿಗೆ ಅರುವತ್ತು ತುಂಬಿತೋ ಇಲ್ಲವೋ ಎಂಬುದು ಇಂತಹ ಕ್ಷುಲ್ಲಕ ಸಂಗತಿಯ ಮೇಲೆ ನಿಂತಿರುತ್ತದೆ.

ನಕ್ಷೆಯಿಲ್ಲದೆ ಕಟ್ಟಿದ ಮನೆ

ಅಮೆರಿಕದ ಸಂಸತ್ತು 1996ರಲ್ಲಿ ಕ್ಲಿಂಗರ್-ಕೋಹೆನ್ ಕಾಯಿದೆಯ ಮೂಲಕ ಕೇಂದ್ರ ಇಲಾಖೆಗಳಲ್ಲಿ ಮುಖ್ಯ ಮಾಹಿತಿ ಅಧಿಕಾರಿಯನ್ನು ನೇಮಿಸಬೇಕೆಂದೂ, ಇಂತಹ ನಕ್ಷೆಯನ್ನು ಸಿದ್ಧಪಡಿಸುವುದು ಅವರ ಹೊಣೆಯೆಂದೂ ವಿಧಿಸಿತು. 1999ರಲ್ಲಿ ಕೇಂದ್ರ ಸರಕಾರಕ್ಕೆಲ್ಲ ಅನ್ವಯವಾಗುವ ಚೌಕಟ್ಟೂ ಪ್ರಕಟವಾಯಿತು. ಆದರೆ ಕಾಯಿದೆ ಬಂದ ಮಾತ್ರಕ್ಕೆ ಕಚೇರಿಯ ಅಭ್ಯಾಸ ಬದಲಾಗುವುದಿಲ್ಲ ಎಂಬುದಕ್ಕೆ ಅಲ್ಲಿನ ಎಫ್‌ಬಿಐ ಎಂಬ ತನಿಖಾ ಸಂಸ್ಥೆಯೇ ಸಾಕ್ಷಿ.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಕಾಗದದ ಕಡತಗಳನ್ನು ಬಿಟ್ಟು ಎಲ್ಲ ತನಿಖಾ ದಾಖಲೆಗಳನ್ನೂ ಕಂಪ್ಯೂಟರಿಗೆ ತರುವ ಕೆಲಸವನ್ನು ಆ ಸಂಸ್ಥೆ ಅವಸರದಿಂದ ಮುಂದುವರಿಸಿತು. ಬೇಡಿಕೆಗಳ ಪಟ್ಟಿಯೇ 800 ಪುಟಗಳಿಗೆ ಬೆಳೆಯಿತು. ಬೇಡಿಕೆಗಳು ಮತ್ತೆ ಮತ್ತೆ ಬದಲಾದುವು. ಕೊನೆಗೆ ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಮೇಲೆ 2005ರಲ್ಲಿ ಆ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ವಿಚಾರಣೆ ನಡೆಸಿದ ಸರಕಾರಿ ಪರಿಶೋಧಕರು ತೋರಿಸಿದ ಕಾರಣಗಳಲ್ಲಿ ಒಂದು, ಸಂಸ್ಥೆಗೆ ಒಂದು ಪೂರ್ಣ ವಾಸ್ತುನಕ್ಷೆಯೇ ಇಲ್ಲದಿದ್ದುದು. ಅದರ ಬದಲಿಗೆ ಬಂದ ವ್ಯವಸ್ಥೆ ಪೂರ್ತಿಯಾಗಿ ಬಳಕೆಗೆ ಬರುವಾಗ 2012 ಆಗಿತ್ತು. ಹಣಕ್ಕೆ ಕೊರತೆಯಿಲ್ಲದ, ಬುದ್ಧಿವಂತರಿಗೆ ಬರವಿಲ್ಲದ ದೇಶದಲ್ಲಿಯೇ ಹೀಗಾದರೆ ಉಳಿದವರ ಪಾಡೇನು?

ಸಣ್ಣ ದೇಶದ ದೊಡ್ಡ ಪಾಠ

ಇದಕ್ಕೆ ವ್ಯತಿರಿಕ್ತವಾಗಿ ಎಸ್ಟೋನಿಯಾ ಎಂಬ ಪುಟ್ಟ ದೇಶದ ಉದಾಹರಣೆಯಿದೆ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಹೊಂದಿದ ಆ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆಗೆ ಸರಿಸುಮಾರು ಸಮ. ದೊಡ್ಡ ಯಂತ್ರಗಳನ್ನು ಕೊಳ್ಳುವಷ್ಟು ಹಣ ಅವರಲ್ಲಿರಲಿಲ್ಲ. ಎಲ್ಲ ದಾಖಲೆಗಳನ್ನೂ ಒಂದೇ ಉಗ್ರಾಣದಲ್ಲಿ ತುಂಬುವ ಹವ್ಯಾಸಕ್ಕೆ ಅವರು ಹೋಗಲಿಲ್ಲ. ಜನನ ದಾಖಲೆ ಅದರ ಕಚೇರಿಯಲ್ಲಿಯೇ ಇರಲಿ, ಜಮೀನಿನ ದಾಖಲೆ ಅದರ ಕಚೇರಿಯಲ್ಲಿಯೇ ಇರಲಿ. ಒಬ್ಬರು ಇನ್ನೊಬ್ಬರನ್ನು ಕೇಳುವ ರೀತಿ ಮಾತ್ರ ಒಂದೇ ಆಗಿರಲಿ ಎಂದು ನಿರ್ಧರಿಸಿ, 2001ರಲ್ಲಿ ಎಕ್ಸ್-ರೋಡ್ ಎಂಬ ವಿನಿಮಯ ಮಾರ್ಗವನ್ನು ತೆರೆದರು. ಅಂದರೆ ಕೊಳವೆಯ ತಿರುಪನ್ನು ಮೊದಲು ಗೊತ್ತುಮಾಡಿದರು.

ಒಮ್ಮೆ ಒಂದು ಕಚೇರಿಗೆ ಕೊಟ್ಟ ಮಾಹಿತಿಯನ್ನು ಮತ್ತೊಂದು ಕಚೇರಿ ಪುನಃ ನಾಗರಿಕನಿಂದ ಕೇಳಬಾರದು ಎಂಬುದು ಅಲ್ಲಿನ ತತ್ವ. ತನ್ನ ದಾಖಲೆಯನ್ನು ಯಾವ ಕಚೇರಿ ತೆರೆದು ನೋಡಿತೆಂದು ನಾಗರಿಕನೂ ತಿಳಿಯಬಹುದು. ನೆರೆಯ ಫಿನ್ಲೆಂಡ್ ದೊಡ್ಡ ದೇಶವಾದರೂ ಇದೇ ಮಾರ್ಗವನ್ನು ತನ್ನದಾಗಿಸಿಕೊಂಡಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆಗೆ 2006ರಲ್ಲಿ ಒಪ್ಪಿಗೆ ದೊರೆಯಿತು. ಯಾವುದೇ ಒಂದು ಕಂಪೆನಿಯ ಹಿಡಿತಕ್ಕೆ ಸರಕಾರದ ದಾಖಲೆಗಳು ಸಿಕ್ಕಿಬೀಳಬಾರದೆಂದು 2010ರಲ್ಲಿ ಮುಕ್ತ ಮಾನಕಗಳ ನೀತಿ ಬಂತು. 2018ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್, ಸಂಕ್ಷೇಪವಾಗಿ ಇಂಡಿಇಎ, ಎಂಬ ಚೌಕಟ್ಟನ್ನು ಹೊರತಂದಿತು. ಅದರಲ್ಲಿ ಎಂಟು ಮಾದರಿ ಚಿತ್ರಗಳಿವೆ. ಕೆಲಸ, ಮಾಹಿತಿ, ತಂತ್ರಾಂಶ, ತಂತ್ರಜ್ಞಾನ ಎಂಬ ನಾಲ್ಕರ ಜೊತೆಗೆ ಭದ್ರತೆ, ಸಾಧನೆಯ ಅಳತೆ, ಜೋಡಣೆ ಮತ್ತು ಮೇಲ್ವಿಚಾರಣೆ. ಇಲಾಖೆಗಳ ಗೋಡೆ ಕಾಣದಂತೆ ಸರಕಾರವೆಲ್ಲ ಒಂದೇ ಎಂಬಂತೆ ನಾಗರಿಕನಿಗೆ ಸೇವೆ ದೊರೆಯಬೇಕು ಎಂಬುದು ಅದರ ಆಶಯ.

ಆಶಯ ಒಳ್ಳೆಯದೇ. ಆದರೆ ಎರಡು ಅಪಾಯಗಳನ್ನು ಮರೆಯುವಂತಿಲ್ಲ. ಒಂದು, ನಕ್ಷೆ ಬರೆಯುವುದೇ ಒಂದು ಉದ್ಯೋಗವಾಗಿ, ಬರೆದ ಚಿತ್ರಗಳು ಕಪಾಟಿನಲ್ಲಿ ಧೂಳು ತಿನ್ನುವುದು. ಇನ್ನೊಂದು, ಎಲ್ಲ ದಾಖಲೆಗಳೂ ಕೂಡಿಕೊಂಡಾಗ ಒಬ್ಬನ ಬದುಕಿನ ಪ್ರತಿಯೊಂದು ವಿವರವೂ ಅಧಿಕಾರದಲ್ಲಿರುವವರ ಬೆರಳ ತುದಿಗೆ ಸಿಗುವುದು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿದೆ. ಮನೆಗೆ ಬಾಗಿಲು ಬೇಕು, ಬಾಗಿಲಿಗೆ ಚಿಲಕವೂ ಬೇಕು.

ಎರಡು ಭಾಷೆಯ ನೆಲದಲ್ಲಿ

ಗಡಿನಾಡಿನವರಾದ ನಮಗೆ ಈ ವಿಚಾರ ಇತರರಿಗಿಂತ ಒಂದು ಕೈ ಹೆಚ್ಚು ತಟ್ಟುತ್ತದೆ. ನಾವು ಕುಂಬಳೆ ಎಂದು ಬರೆಯುವ ಊರು ಮಲೆಯಾಳದಲ್ಲಿ ಕುಂಬಳ, ಇಂಗ್ಲಿಷಿನಲ್ಲಿ ಕುಂಬ್ಲ. ನಮ್ಮ ಮಂಜೇಶ್ವರ ಅವರಿಗೆ ಮಂಜೇಶ್ವರಂ. ಊರಿಗೆ ಇದರಿಂದ ನಷ್ಟವಿಲ್ಲ, ಮನುಷ್ಯನಿಗೆ ಇದೆ. ಶಾಲೆಯ ಪ್ರವೇಶ ಪುಸ್ತಕದಲ್ಲಿ ರಾಮಚಂದ್ರ ಆಗಿರುವ ಹುಡುಗ ಇನ್ನೊಂದು ದಾಖಲೆಯಲ್ಲಿ ರಾಮಚಂದ್ರನ್ ಆಗುತ್ತಾನೆ. ಒಂದರಲ್ಲಿ ಮನೆತನದ ಹೆಸರು ಕೊನೆಗೆ, ಇನ್ನೊಂದರಲ್ಲಿ ಇನಿಶಿಯಲ್ ಮೊದಲಿಗೆ. ಎರಡೂ ಒಬ್ಬನೇ ಎಂದು ನೆರೆಕರೆಯವರಿಗೆಲ್ಲ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಹತ್ತನೆಯ ತರಗತಿಯ ಪಟ್ಟಿ ಸಿದ್ಧಪಡಿಸುವ ಸಮಯದಲ್ಲಿ, ಒಂದಕ್ಷರ ಸರಿಪಡಿಸಲು ದಿನದ ಕೂಲಿ ಕಳೆದುಕೊಂಡು ಶಾಲೆಗೂ ಕಚೇರಿಗೂ ಅಲೆಯುವ ಹೆತ್ತವರನ್ನು ಅಧ್ಯಾಪಕರಾದ ನಾವು ವರ್ಷ ವರ್ಷವೂ ಕಾಣುತ್ತೇವೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯಾಡಳಿತ ಸೂಚಿಯಲ್ಲಿ ಪ್ರತಿಯೊಂದು ಗ್ರಾಮಕ್ಕೂ ಪಂಚಾಯತಿಗೂ ಒಂದು ಸಂಖ್ಯೆಯಿದೆ. ಹೆಸರನ್ನು ಯಾವ ಲಿಪಿಯಲ್ಲಿ ಹೇಗೆ ಬರೆದರೂ ಸಂಖ್ಯೆ ಒಂದೇ. ಅದರಿಂದ ಕುಂಬಳೆಯನ್ನು ಕುಂಬಳೆ ಎಂದೇ ಬರೆಯುವುದಕ್ಕೆ ಅಡ್ಡಿಯಿಲ್ಲ. ಲಿಪಿಯ ಮಟ್ಟಿಗೂ ಇದೇ ಮಾತು. ಹಿಂದೆ ಒಂದು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿದ ಕನ್ನಡ ಪತ್ರ ಇನ್ನೊಂದರಲ್ಲಿ ತೆರೆದಾಗ ಗೀಚು ಗೀಚಾಗಿ ಕಾಣುತ್ತಿದ್ದುದು ಹಲವರಿಗೆ ನೆನಪಿರಬಹುದು. ಒಬ್ಬೊಬ್ಬ ತಯಾರಕ ಒಂದೊಂದು ಸಂಕೇತವನ್ನು ಬಳಸಿದ್ದೇ ಕಾರಣ. ಯೂನಿಕೋಡ್ ಎಂಬ ಮಾನಕದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸ್ಥಾನವಿದೆ, ಮಲೆಯಾಳಕ್ಕೂ ಹಾಗೆಯೇ. ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಇರುತ್ತವೆ.

ಮಾನಕವೆಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದು ಎಂಬ ಭಯ ಅಲ್ಪಸಂಖ್ಯಾತರಿಗೆ ಸಹಜ. ಆದರೆ ನಿಜವಾದ ಮಾನಕ ಮಾಡುವ ಕೆಲಸ ಬೇರೆ. ಎಲ್ಲಿ ಒಂದಾಗಲೇಬೇಕೋ ಅಲ್ಲಿ ಮಾತ್ರ ಒಂದು ಮಾಡಿ, ಉಳಿದೆಡೆ ಅವರವರಿಗೆ ಬಿಡುವುದು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡಿಗರಿಗೂ ತಮಿಳರಿಗೂ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಕಲ್ಪಿಸಿತು. ಕಾಗದದ ಕಾಲದಲ್ಲಿ ಅದನ್ನು ನಡೆಸಲು ಕನ್ನಡ ಬಲ್ಲ ಗುಮಾಸ್ತರೊಬ್ಬರು ಬೇಕಿತ್ತು. ಕಂಪ್ಯೂಟರಿನ ಕಾಲದಲ್ಲಿ ನಕ್ಷೆಯಲ್ಲಿಯೇ ಕನ್ನಡಕ್ಕೆ ಒಂದು ಅಂಕಣ ಇರಬೇಕು. ಮನೆ ಕಟ್ಟಿ ಮುಗಿದ ಮೇಲೆ ಕಿಟಕಿ ಕೇಳಿದರೆ ಗೋಡೆ ಒಡೆಯಬೇಕಾಗುತ್ತದೆ. ನಕ್ಷೆ ಬರೆಯುವಾಗಲೇ ಕೇಳಿದರೆ ಒಂದು ಗೆರೆ ಸಾಕು.

ಆದುದರಿಂದ ಸರಕಾರದ ಹೊಸ ವ್ಯವಸ್ಥೆಯೊಂದು ಬರುತ್ತದೆಂದು ಕೇಳಿದಾಗ ಎಷ್ಟು ಕೋಟಿ ರೂಪಾಯಿಯ ಯಂತ್ರ ಎಂದು ಬೆರಗಾಗುವ ಮೊದಲು ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳುವುದಿಲ್ಲ ತಾನೇ? ನಮ್ಮ ದಾಖಲೆಯನ್ನು ಯಾರು ನೋಡಿದರೆಂದು ನಮಗೆ ತಿಳಿಯುವುದೇ? ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆಯಲು ಜಾಗವಿದೆಯೇ? ಪಂಚಾಯತಿನ ಸಭೆಯಲ್ಲಿ, ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ, ಜನಪ್ರತಿನಿಧಿಗಳ ಮುಂದೆ ಇವನ್ನು ಕೇಳಲು ಯಾವ ತಂತ್ರಜ್ಞಾನದ ಪದವಿಯೂ ಬೇಡ. ಬೆಂಕಿ ಬೀಳುವ ಮೊದಲೇ ತಿರುಪು ಕೂಡುತ್ತದೆಯೇ ಎಂದು ನೋಡುವ ವಿವೇಕವೊಂದಿದ್ದರೆ ಸಾಕು.