ದಿಮ್ಮಿ ಎಳೆಯುವ ಯಂತ್ರದ ಆಯ್ಕೆ: ತುಳುನಾಡಿನ ಕರಾವಳಿಯನ್ನು ಕುರಿತು ಒಂದು ವಿವೇಚನೆ

ನಮ್ಮ ನಾಡಿನ ಚರಿತ್ರೆಯಲ್ಲಿ ಮರಕ್ಕೆ ದೊರೆತ ಸ್ಥಾನವು ಸಣ್ಣದಲ್ಲ. ಕನ್ನಡ ಜಿಲ್ಲೆಗಳ ಸಾಗುವಾನಿಯು ಹಡಗುಗಳಾಯಿತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಸೌದೆಯು ಅಲ್ಲಿನ ಒಲೆಗಳಿಗೆ ಆಹಾರವಾಯಿತು. ಉಡುಪಿಯ ಪರ್ಯಾಯಕ್ಕೆ ಮುನ್ನ ಕಟ್ಟಿಗೆ ಮುಹೂರ್ತವೆಂಬ ವಿಧಿಯೇ ಉಂಟು. ಆದರೆ ಕಡಿದ ಮರವನ್ನು ಅದರ ಬುಡದಿಂದ ಬಂಡಿಯ ದಾರಿಯವರೆಗೆ ಯಾರು, ಹೇಗೆ ತಂದರು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಕೇಳುವುದು ಅಪರೂಪ. ಮರದ ವ್ಯವಹಾರದಲ್ಲಿ ಶ್ರಮವೂ ಅಪಾಯವೂ ಹೆಚ್ಚಾಗಿರುವುದು ಈ ಅಲ್ಪ ದೂರದಲ್ಲಿಯೇ. ಇನ್ನಂಜೆ, ಕಾಪು, ಕಟಪಾಡಿಗಳ ಸುತ್ತಿನಲ್ಲಿ ಮರ ಕಡಿಯುವ ವೃತ್ತಿಯವರು ಇಂದು ಯಂತ್ರವನ್ನು ಕೊಳ್ಳಲು ಯೋಚಿಸುವಾಗ ಈ ಹಳೆಯ ಪ್ರಶ್ನೆಯನ್ನೇ ಎದುರಿಸುತ್ತಾರೆ. ಅದನ್ನು ಕ್ರಮವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವೇತಿಹಾಸವನ್ನು ನೋಡೋಣ. ಮನುಷ್ಯರು ಹಗ್ಗ, ಸನ್ನೆಕೋಲು, ಉರುಳುಗಟ್ಟಿಗೆಗಳಿಂದ ದಿಮ್ಮಿಯನ್ನು ಸರಿಸಿದರು. ಬೇಪೂರಿನ ಮಾಪ್ಪಿಳ ಖಲಾಸಿಗಳು ಹಗ್ಗ, ಕಪ್ಪಿ, ರಾಟೆಗಳಿಂದಲೇ ಅತಿ ಭಾರದ ವಸ್ತುಗಳನ್ನು ಸರಿಸುವುದರಲ್ಲಿ ಇಂದಿಗೂ ಪ್ರಸಿದ್ಧರು. ಎತ್ತು ಕೋಣಗಳು ಎಳೆದವು. ದೊಡ್ಡ ಕಾಡುಗಳಲ್ಲಿ ಆನೆಯೇ ಯಂತ್ರವಾಯಿತು. ಮೈಸೂರು ಸೀಮೆಯಲ್ಲಿ ೧೮೭೦ರ ದಶಕದಲ್ಲಿ ಸ್ಯಾಂಡರ್ಸನ್ ಆರಂಭಿಸಿದ ಖೆಡ್ಡಾ ಪದ್ಧತಿಯು ೧೯೭೧ರಲ್ಲಿ ಕಾಕನಕೋಟೆಯಲ್ಲಿ ಕೊನೆಗೊಂಡಿತು. ಹೀಗೆ ಹಿಡಿದ ಆನೆಗಳನ್ನು ಪಳಗಿಸಿ ದಿಮ್ಮಿ ಎಳೆಯುವುದಕ್ಕೂ ಬಳಸುತ್ತಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ೧೮೮೧ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಡಾಲ್ಬೀರ್ ಎಂಬಾತನು ಉಗಿಯಿಂದ ನಡೆಯುವ ರಾಟೆಯನ್ನು ರಚಿಸಿದನು. ಅಲ್ಲಿ ದಾರಿಗೆ ಅಡ್ಡಲಾಗಿ ಮರದ ತುಂಡುಗಳನ್ನು ಹೂಳಿ, ಜಿಡ್ಡು ಸವರಿ, ಅವುಗಳ ಮೇಲೆ ದಿಮ್ಮಿಯನ್ನು ಜಾರಿಸುತ್ತಿದ್ದರು. ಈ ಅಡ್ಡ ತುಂಡಿಗೆ ‘ಸ್ಕಿಡ್’ ಎಂದು ಹೆಸರು. ‘ಸ್ಕಿಡ್ಡರ್’ ಎಂಬ ಯಂತ್ರನಾಮವು ಈ ಪದದ ಸಂಬಂಧಿಯೇ. ರಬ್ಬರ್ ಗಾಲಿಗಳ, ನಡುವೆ ಮಡಿಯುವ ಚೌಕಟ್ಟಿನ ಇಂದಿನ ಸ್ಕಿಡ್ಡರ್ ಎರಡನೆಯ ಮಹಾಯುದ್ಧದ ಅನಂತರ ಉತ್ತರ ಅಮೆರಿಕದಲ್ಲಿ ರೂಢಿಗೆ ಬಂದಿತು.

ಈ ಎಲ್ಲ ಸಾಧನಗಳ ಹಿಂದಿರುವ ತತ್ತ್ವವು ಒಂದೇ: ನೆಲದ ಘರ್ಷಣೆಯನ್ನು ಕಡಮೆಮಾಡುವುದು. ಕಂಬಳದ ಅಡ್ಡ ಹಲಗೆಯು ನೀರು ಕೆಸರುಗಳ ಮೇಲೆ ಎಷ್ಟು ಸಲೀಸಾಗಿ ಸಾಗುವುದೆಂಬುದನ್ನು ಈ ಸೀಮೆಯವರೆಲ್ಲರೂ ಕಂಡಿದ್ದಾರೆ. ಅದೇ ಹಲಗೆಯನ್ನು ಒಣ ಮುರಕಲ್ಲಿನ ಮೇಲೆ ಎಳೆಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ೮೦೦ ಕಿಲೋಗ್ರಾಂ ತೂಕದ ದಿಮ್ಮಿಯನ್ನು ಒಣ ನೆಲದ ಮೇಲೆ ಪೂರ್ತಿ ಮಲಗಿಸಿ ಎಳೆಯಲು ತೂಕದ ಸುಮಾರು ಅರ್ಧದಷ್ಟು, ಅಂದರೆ ೪೦೦ ಕಿಲೋಗ್ರಾಂ ಸೆಳೆತ ಬೇಕು. ಅದರ ಮುಂದಿನ ತುದಿಯನ್ನು ಎತ್ತಿ ಗಾಲಿಯ ಮೇಲೆ ಇರಿಸಿದರೆ ಅರ್ಧ ಭಾರವು ಗಾಲಿಗೆ ಹೋಗುತ್ತದೆ. ಆಗ ಸುಮಾರು ೨೪೦ ಕಿಲೋಗ್ರಾಂ ಸೆಳೆತ ಸಾಕು. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಾದರೆ ಎರಡು ಸಂದರ್ಭಗಳಲ್ಲಿಯೂ ೮೦ ಕಿಲೋಗ್ರಾಂ ಕೂಡಿಸಬೇಕು. ತುದಿಯನ್ನು ಎತ್ತುವುದರಿಂದ ಇನ್ನೊಂದು ಲಾಭವೂ ಉಂಟು: ದಿಮ್ಮಿಯು ಬೇರು ಕಲ್ಲುಗಳಿಗೆ ಮೂತಿ ಹೊಡೆದು ನಿಲ್ಲುವುದಿಲ್ಲ, ತೋಟದ ನೆಲವೂ ಉತ್ತಂತೆ ಆಗುವುದಿಲ್ಲ.

ಆದುದರಿಂದ ಯಂತ್ರವನ್ನು ಆರಿಸುವವರು ಮೊದಲು ತಿಳಿಯಬೇಕಾದುದು ಯಂತ್ರದ ಶಕ್ತಿಯನ್ನಲ್ಲ, ದಿಮ್ಮಿಯ ತೂಕವನ್ನು. ಇಲ್ಲಿ ನಮ್ಮ ಮರದ ವ್ಯಾಪಾರದ ಹಳೆಯ ಅಳತೆಯೊಂದು ಮೋಸಮಾಡುತ್ತದೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವ ಪದ್ಧತಿಯು ಪ್ರಸಿದ್ಧವಾದುದು. ೧೭೩೬ರಲ್ಲಿ ಹಾಪಸ್ ಎಂಬ ಇಂಗ್ಲಿಷ್ ಮೋಜಣಿದಾರನು ಇದಕ್ಕೆ ಕೋಷ್ಟಕಗಳನ್ನು ಪ್ರಕಟಿಸಿದನು. ಸಿಪ್ಪೆ ಮತ್ತು ಕುಯ್ತದ ನಷ್ಟವನ್ನು ಕಳೆಯುವ ಈ ಲೆಕ್ಕವು ವ್ಯಾಪಾರಕ್ಕೆ ಸರಿಯೇ. ಆದರೆ ಅದು ನಿಜವಾದ ಘನಅಳತೆಯ ನೂರಕ್ಕೆ ೭೮.೫ ಭಾಗವನ್ನು ಮಾತ್ರ ತೋರಿಸುತ್ತದೆ. ೧೮೮ ಸೆಂಟಿಮೀಟರ್ ಸುತ್ತಳತೆಯ, ೩ ಮೀಟರ್ ಉದ್ದದ ಹಲಸಿನ ದಿಮ್ಮಿಯು ವ್ಯಾಪಾರಿಯ ಲೆಕ್ಕದಲ್ಲಿ ೦.೬೬ ಘನಮೀಟರ್, ನಿಜವಾಗಿ ೦.೮೪ ಘನಮೀಟರ್. ಹಸಿಮರವು ಘನಮೀಟರಿಗೆ ೮೦೦ರಿಂದ ೧,೦೦೦ ಕಿಲೋಗ್ರಾಂ ತೂಗುವುದೆಂದು ಹಿಡಿದರೆ, ವ್ಯಾಪಾರಿಯ ಲೆಕ್ಕವನ್ನು ನಂಬಿ ಸರಪಳಿಯನ್ನು ಕೊಂಡವನು ಸುಮಾರು ಒಂದೂವರೆ ಕ್ವಿಂಟಲಿನಷ್ಟು ಅಥವಾ ಅದಕ್ಕೂ ಹೆಚ್ಚಿನ ಭಾರವನ್ನು ಮರೆತಂತಾಯಿತು. ಆ ಮರೆವಿನ ಬೆಲೆಯನ್ನು ತೆರುವವನು ಹಗ್ಗದ ಬಳಿ ನಿಂತ ಆಳು.

ಎರಡನೆಯದಾಗಿ ನೆಲವನ್ನು ನೋಡಬೇಕು. ತುಳುನಾಡಿನ ಒಕ್ಕಲಿಗರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿರುವುದು ನೀರಿನ ಅನುಕೂಲವನ್ನು ಅನುಸರಿಸಿ; ಯಂತ್ರಕ್ಕೂ ಈ ವಿಂಗಡಣೆಯೇ ಮಾರ್ಗದರ್ಶಕ. ಬೆಟ್ಟಿನ ಮುರಕಲ್ಲು ನೆಲವು ಭಾರವನ್ನು ತಾಳುತ್ತದೆ. ಬೈಲಿನ ಕೆಸರು ತಾಳಲಾರದು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗಾಳಿಗೆ ಮರಗಳು ಉರುಳುವುದೂ, ತೆರವುಗೊಳಿಸಲು ಕರೆ ಬರುವುದೂ ಆಗಲೇ. ಇಲ್ಲಿನ ಹಿತ್ತಿಲುಗಳು ಸಣ್ಣವು, ಓಣಿಗಳು ಇಕ್ಕಟ್ಟು, ಬಾವಿ, ತೋಡು, ನಾಗಬನಗಳು ಅಡ್ಡವಾಗಿರುತ್ತವೆ. ಹತ್ತು ಟನ್ನಿಗೆ ಮೀರಿದ ದೊಡ್ಡ ಸ್ಕಿಡ್ಡರ್ ಈ ಓಣಿಗಳಲ್ಲಿ ತಿರುಗಲಾರದು. ತಿರುಗಿದರೂ ತೋಟದ ಬೇರುಗಳನ್ನು ತುಳಿದು ಹಾಳುಮಾಡುತ್ತದೆ.

ಹೀಗಾಗಿ ಮೂರು ಸಾಧನಗಳು ವಿಚಾರಾರ್ಹವಾಗಿ ಉಳಿಯುತ್ತವೆ. ಮೊದಲನೆಯದು ಎರಡು ಗಾಲಿಗಳ ಕಮಾನು ಗಾಡಿ. ದಿಮ್ಮಿಯ ತುದಿಯನ್ನು ಎತ್ತಿ ಹಿಡಿಯುವ ಇದು ಅಗ್ಗವಾದುದು, ಮಟ್ಟಸ ನೆಲದಲ್ಲಿ ಬಹಳ ಉಪಯುಕ್ತ. ಇಳಿಜಾರಿನಲ್ಲಿ ತಡೆಯಿಲ್ಲದಿದ್ದರೆ ಅಪಾಯಕರ. ಎರಡನೆಯದು ಒಬ್ಬ ಆಳು ಹೊರಬಹುದಾದ ಪೆಟ್ರೋಲ್ ವಿಂಚ್. ಯಂತ್ರವು ದಾರಿಯಲ್ಲಿಯೇ ನಿಂತು ಹಗ್ಗ ಮಾತ್ರ ತೋಟವನ್ನು ಪ್ರವೇಶಿಸುವುದರಿಂದ ಮಳೆಗಾಲದ ಕೆಸರಿಗೆ ಇದೇ ಒಪ್ಪುತ್ತದೆ. ಕಪ್ಪಿಯೊಂದನ್ನು ದಿಮ್ಮಿಗೆ ಕಟ್ಟಿದರೆ ಸೆಳೆತವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ, ವೇಗವು ಅರ್ಧವಾಗುತ್ತದೆ. ಕಪ್ಪಿಯನ್ನು ಆಧಾರದ ಮರಕ್ಕೆ ಕಟ್ಟಿ ಹಗ್ಗವನ್ನು ಹಿಂದಕ್ಕೆ ತಿರುಗಿಸಿದರೆ ದಿಮ್ಮಿಯ ಮೇಲಿನ ಸೆಳೆತವು ಹೆಚ್ಚುವುದಿಲ್ಲ. ಆ ಮರದ ಮೇಲೆ ಮಾತ್ರ ಹಗ್ಗದ ಸೆಳೆತದ ಎರಡರಷ್ಟು ಭಾರ ಬೀಳುತ್ತದೆ. ಈ ಭೇದವನ್ನು ಅರಿಯದೆ ಆಧಾರವನ್ನು ಆರಿಸಬಾರದು. ಮೂರನೆಯದು ಟ್ರಾಕ್ಟರಿನ ಹಿಂದೆ ಜೋಡಿಸುವ ವಿಂಚ್. ಉಳುಮೆಗೆ ಟ್ರಾಕ್ಟರ್ ಇಟ್ಟುಕೊಂಡವರಿಗೆ ಇದು ಕಡಮೆ ವೆಚ್ಚದ ಸ್ಕಿಡ್ಡರ್ ಆಗುತ್ತದೆ. ಆದರೆ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಟ್ರಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚಬಹುದು. ಚಾಲಕನ ಬೆನ್ನಿಗೆ ಉಕ್ಕಿನ ಜಾಲರಿಯೂ ತಲೆಯ ಮೇಲೆ ರಕ್ಷಣಾ ಚೌಕಟ್ಟೂ ಇರಬೇಕು. ಬಿಗಿದ ಹಗ್ಗದ ಸಾಲಿನಲ್ಲಿಯೂ ಅದು ಮಡಿಯುವ ಕೋನದ ಒಳಗೂ ಯಾರೂ ನಿಲ್ಲಬಾರದು.

ವೃತ್ತಿಯ ಆದಾಯವೂ ಲೆಕ್ಕಕ್ಕೆ ಬರಬೇಕು. ಕರ್ನಾಟಕದ ೧೯೭೬ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಖಾಸಗಿ ನೆಲದಲ್ಲಿಯೂ ಅನೇಕ ಜಾತಿಯ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿ, ರಬ್ಬರ್ ಮೊದಲಾದ ಕೆಲವಕ್ಕೆ ವಿನಾಯಿತಿಯುಂಟು. ಆದುದರಿಂದ ಇಲ್ಲಿನ ದಿನನಿತ್ಯದ ಕೆಲಸವು ಹೆಚ್ಚಾಗಿ ಒಂಟಿ ತೆಂಗು, ಬಾಗಿದ ಮಾವು, ಮನೆಯ ಮೇಲೆ ಚಾಚಿದ ಹಲಸುಗಳದು, ಕಾಡಿನ ಕೂಪಿನದಲ್ಲ. ೧೫ ಮೀಟರ್ ಉದ್ದದ, ೩೦ ಸೆಂಟಿಮೀಟರ್ ವ್ಯಾಸದ ಹಸಿ ತೆಂಗಿನ ಕಾಂಡವು ಒಂದು ಟನ್ನಿನ ಆಸುಪಾಸಿನಲ್ಲಿದ್ದರೂ ನಾಲ್ಕಾಗಿ ತುಂಡರಿಸಿದರೆ ಪ್ರತಿಯೊಂದೂ ಕಮಾನು ಗಾಡಿಗೆ ಸಾಧ್ಯವಾದ ಹೊರೆಯೇ. ಪಕ್ಕಾಸಿಗೆಂದು ಉದ್ದವನ್ನು ಉಳಿಸಬೇಕಾದಲ್ಲಿ ಮಾತ್ರ ವಿಂಚ್ ಅವಶ್ಯ.

ಈ ಎಲ್ಲವನ್ನೂ ತೂಗಿ ನೋಡಿದರೆ, ಹೊಸದಾಗಿ ವೃತ್ತಿಯನ್ನು ಹಿಡಿಯುವವರು ಕಮಾನು ಗಾಡಿಯನ್ನೂ ಸಣ್ಣ ವಿಂಚನ್ನೂ ಮೊದಲು ಕೊಳ್ಳುವುದು ಯುಕ್ತ. ಕೆಲಸವು ಬೆಳೆದ ಮೇಲೆ ಟ್ರಾಕ್ಟರಿನ ವಿಂಚನ್ನು ಸೇರಿಸಬಹುದು. ಸ್ವತಂತ್ರವಾದ ಸ್ಕಿಡ್ಡರನ್ನು ಹಲವರು ಕೂಡಿ ಕೊಳ್ಳುವುದೋ ಬಾಡಿಗೆಗೆ ತರುವುದೋ ಲೇಸು. ಸಾಲದ ಕಂತು ಮಳೆಗಾಲವೆಂದು ನಿಲ್ಲುವುದಿಲ್ಲ. ಭಾರಿ ಯಂತ್ರವಾದರೋ ನಾಲ್ಕು ತಿಂಗಳು ಅಂಗಳದಲ್ಲಿಯೇ ನಿಲ್ಲಬೇಕಾದೀತು. ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯ ಮರಗೆಲಸದವರನ್ನು ಕಂಡು, ಎತ್ತು ಕೋಣಗಳ ಕಾಲದ ಕಟ್ಟುವ ಕ್ರಮ, ಹಗ್ಗದ ಗಂಟು, ಆಧಾರದ ಆಯ್ಕೆ ಇವನ್ನು ಕೇಳಿ ಬರೆದಿಟ್ಟರೆ ಈ ವಿಷಯದ ಚರಿತ್ರೆಗೂ ಇಂದು ಅದೇ ಕೆಲಸ ಮಾಡುವವರ ಕ್ಷೇಮಕ್ಕೂ ಉಪಕಾರವಾದೀತು.