ಜುಮ್ಮಾ ಮಸೀದಿಯ ನೆಲದ ಮೇಲೆ

ಹಾವೇರಿ ಸೀಮೆಯ ನಮಗೆ ಮೊಗಲರು ಕೇವಲ ದೆಹಲಿಯವರಲ್ಲ. ಸವಣೂರು ನವಾಬರ ಮೂಲಪುರುಷ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರದ ಜಾಗೀರು ಕೊಟ್ಟವನು ಔರಂಗಜೇಬ. ಅವನ ಗುರುತನ್ನು ನಾನು ಕಂಡದ್ದು ವಿಜಯಪುರದ ಜುಮ್ಮಾ ಮಸೀದಿಯಲ್ಲಿ.

1565ರ ಯುದ್ಧದ ತರುವಾಯ ಒಂದನೆಯ ಅಲಿ ಆದಿಲ್‌ಶಾಹ ಆರಂಭಿಸಿದ ಈ ಕಟ್ಟಡದ ಮಿನಾರುಗಳು ಮೇಲೇಳಲೇ ಇಲ್ಲ. ಆದರೆ ಒಂದನ್ನೊಂದು ಛೇದಿಸುವ ಕಮಾನುಗಳ ಮೇಲೆ ಅರ್ಧಗೋಳದ ಗುಮ್ಮಟ ನಿಂತಿದೆ. ಗೋಳಗುಮ್ಮಟದ ಕೌಶಲಕ್ಕೆ ಇದೇ ಪೂರ್ವಪಾಠ. ಅಲ್ಲಿ ಪ್ರತಿಧ್ವನಿ ಕೇಳಿ ಬಸ್ಸು ಹತ್ತುವ ಬ್ಯಾಡಗಿ, ರಾಣೆಬೆನ್ನೂರಿನ ಪ್ರವಾಸಿಗರು ಇದನ್ನು ಬಿಟ್ಟು ಬರಬಾರದು.

1686ರಲ್ಲಿ ನಗರ ಗೆದ್ದ ಔರಂಗಜೇಬ ಪೂರ್ವದ ಹೆಬ್ಬಾಗಿಲನ್ನು ಸೇರಿಸಿದ. ಮಸೀದಿಯ ಮಖಮಲ್ಲಿನ ಜಮಖಾನೆಗಳನ್ನು ಒಯ್ದು, ಬದಲಿಗೆ ನೆಲದಲ್ಲಿ 2250 ಚೌಕಗಳನ್ನು ಬರೆಸಿದನೆಂಬ ಪ್ರತೀತಿಯಿದೆ. ಒಂದರ ಬಳಿ ನಿಂತು ನೋಡಿದೆ: ಒಬ್ಬ ಮನುಷ್ಯ ಮಂಡಿಯೂರಿ ಬಾಗುವಷ್ಟೇ ಜಾಗ.