ಏರ್‌ಗನ್ ವೇಗ ಅಳೆಯೋ ಕ್ರೋನೋಗ್ರಾಫ್: ದುಡ್ಡು ಹಾಕೋ ಮುಂಚೆ ಇಷ್ಟು ತಿಳ್ಕೊಂಡಿರಿ

ದಾಂಡೇಲಿ: ಏರ್‌ಗನ್ ಡಬ್ಬಿ ಮೇಲೆ ‘1000 ಎಫ್‌ಪಿಎಸ್’ ಅಂತ ದೊಡ್ಡದಾಗಿ ಬರೆದಿರುತ್ತೆ. ಅಂದರೆ ಸೆಕೆಂಡಿಗೆ 1000 ಅಡಿ, ಸುಮಾರು 305 ಮೀಟರ್. ಎಷ್ಟು ತೂಕದ ಪೆಲೆಟ್ ಹಾಕಿದಾಗ ಆ ವೇಗ ಬಂತು ಅನ್ನೋದು ಮಾತ್ರ ಎಷ್ಟೋ ಸಲ ಅಲ್ಲಿರೋದಿಲ್ಲ. ತೊಂದರೆ ಶುರುವಾಗೋದೇ ಇಲ್ಲಿ. ಯಾಕಂದರೆ ಕಾನೂನು ನೋಡೋದು ವೇಗವನ್ನಲ್ಲ, ಶಕ್ತಿಯನ್ನು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯಿಂದ ಹೊರಬೀಳುವ ಪೆಲೆಟ್‌ನ ಶಕ್ತಿ 20 ಜೂಲ್ ದಾಟಿದರೆ, ಅಥವಾ ನಳಿಗೆಯ ಒಳವ್ಯಾಸ 4.5 ಮಿ.ಮೀ.ಗಿಂತ ಹೆಚ್ಚಿದ್ದರೆ ಏರ್‌ಗನ್‌ಗೂ ಲೈಸೆನ್ಸ್ ಬೇಕು. ‘ಲೈಸೆನ್ಸ್ ಬೇಡದ ಗನ್’ ಅಂತ ತಂದು, ಆಮೇಲೆ ಯಾರದೋ ಮಾತು ಕೇಳಿ ಗಟ್ಟಿ ಸ್ಪ್ರಿಂಗ್ ಹಾಕಿಸಿಕೊಂಡವರು ಈ ಗೆರೆಯ ಯಾವ ಕಡೆ ಇದ್ದಾರೆ ಅನ್ನೋದು ಅವರಿಗೇ ಗೊತ್ತಿರೋದಿಲ್ಲ. ಅದನ್ನು ಹೇಳಬಲ್ಲ ಯಂತ್ರವೇ ಕ್ರೋನೋಗ್ರಾಫ್.

ಲೆಕ್ಕ ಪಿಯುಸಿ ಹುಡುಗರಿಗೆ ಗೊತ್ತಿರೋದೇ: ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 283 ಮೀಟರ್ ಹೋದರೆ ಸರಿಯಾಗಿ 20 ಜೂಲ್. ಸೀಸವಿಲ್ಲದ 0.35 ಗ್ರಾಂನ ಹಗುರ ಪೆಲೆಟ್ 305 ಮೀಟರ್ ವೇಗದಲ್ಲಿ ಹೋದರೂ 16 ಜೂಲ್ ಚಿಲ್ಲರೆ ಅಷ್ಟೇ. ಅದೇ 0.55 ಗ್ರಾಂ ಪೆಲೆಟ್ 270 ಮೀಟರಿಗೇ 20 ಮುಟ್ಟಿಬಿಡುತ್ತೆ. ಸಿಲಿಂಡರ್‌ನಲ್ಲಿ ಗಾಳಿ ತುಂಬುವ ಪಿಸಿಪಿ ಗನ್ನುಗಳಲ್ಲಿ ಭಾರದ ಪೆಲೆಟ್ ಹಾಕಿದರೆ ವೇಗ ಇಳಿದು ಶಕ್ತಿ ಏರೋದೇ ಸಾಮಾನ್ಯ. ಹೋಲಿಕೆಗೆ ನೋಡಿ, 10 ಮೀಟರ್ ಸ್ಪರ್ಧೆಯ ರೈಫಲ್ ಸೆಕೆಂಡಿಗೆ 170–180 ಮೀಟರ್ ಆಸುಪಾಸಿನಲ್ಲಿ, 8 ಜೂಲ್ ಸುಮಾರಿನಲ್ಲೇ ಕೆಲಸ ಮುಗಿಸುತ್ತೆ.

ಹಾಗಾಗಿ ಕ್ರೋನೋಗ್ರಾಫ್‌ಗಿಂತ ಮುಂಚೆ ಬೇಕಿರೋದು ತಕ್ಕಡಿ. ಪರಿಚಯದ ಬಂಗಾರದ ಅಂಗಡಿಯವರ ಹತ್ತಿರ 50 ಪೆಲೆಟ್ ಒಟ್ಟಿಗೆ ತೂಗಿಸಿ, 50ರಿಂದ ಭಾಗಿಸಿ. ಡಬ್ಬಿ ಮೇಲಿನ ತೂಕಕ್ಕಿಂತ ಇದೇ ನಂಬಿಕಸ್ತ.

ಇನ್ನು ಯಂತ್ರದ ವಿಷಯ. ಹಳೆಯ, ಸರಳ ಬಗೆ ಅಂದರೆ ಬೆಳಕಿನ ಸೆನ್ಸರ್‌ನದ್ದು. ಮುಂದೊಂದು ಹಿಂದೊಂದು ಸೆನ್ಸರ್. ಮೇಲೆ ಹಾದುಹೋಗುವ ಪೆಲೆಟ್‌ನ ನೆರಳು ಎರಡನ್ನೂ ದಾಟೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತೆ. ನಡುವಿನ ಅಂತರ 30 ಸೆಂ.ಮೀ. ಇದ್ದರೆ, 280 ಮೀಟರ್ ವೇಗದ ಪೆಲೆಟ್ ಅದನ್ನು ದಾಟೋದು ಹೆಚ್ಚುಕಮ್ಮಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ. ಈ ಅಂತರ ಬರೀ 3 ಮಿ.ಮೀ. ಆಚೀಚೆ ಆದರೆ ವೇಗದಲ್ಲಿ ಶೇ. 1, ಶಕ್ತಿಯಲ್ಲಿ ಶೇ. 2 ತಪ್ಪು. ಅರ್ಧ ಗ್ರಾಂ ಪೆಲೆಟ್‌ಗೆ ಯಂತ್ರ 280 ತೋರಿಸಿದರೆ 19.6 ಜೂಲ್, ನಿಜವಾದ ವೇಗ 283 ಇದ್ದರೆ ಗೆರೆ ಮುಟ್ಟಿ ಆಯ್ತು. ಅಂಚಿನಲ್ಲಿರೋ ಗನ್ನಿಗೆ ‘ಪಾಸ್’ ಅಂತ ಹೇಳೋ ಧೈರ್ಯ ಅಗ್ಗದ ಯಂತ್ರಕ್ಕಿಲ್ಲ. ಒಂದೆರಡು ಜೂಲ್ ಕೆಳಗಿರೋದೇ ಕ್ಷೇಮ.

ಈ ಬಗೆಗೆ ಸಮನಾದ ಬೆಳಕು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಂಡೇಲಿ, ಜೋಯಿಡಾ ಕಡೆ ಅದನ್ನು ಎಲ್ಲಿಂದ ತರೋದು? ಮನೆಯೊಳಗೆ ಇಟ್ಟರೆ ಟ್ಯೂಬ್‌ಲೈಟ್ ಕಾಟ. ನಮ್ಮ ಕರೆಂಟಿನಲ್ಲಿ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣದಿದ್ದರೂ ಸೆನ್ಸರ್‌ಗೆ ಕಾಣುತ್ತೆ, ಅಂಕಿ ಹುಚ್ಚುಹುಚ್ಚಾಗಿ ಬರುತ್ತೆ. ಆದ್ದರಿಂದ ಈ ಬಗೆಯದನ್ನೇ ಕೊಳ್ಳೋದಾದ್ರೆ ತನ್ನದೇ ಇನ್‌ಫ್ರಾರೆಡ್ ಲೈಟ್ ಇರೋದನ್ನು ಕೇಳಿ ತಗೊಳ್ಳಿ. ಪೆಲೆಟ್ ಎಲ್ಲಿ ಹಾದುಹೋಗುತ್ತೆ ಅಂತ ಮೊದಲು ಹಾಳೆಯ ಮೇಲೆ ನೋಡ್ಕೊಳ್ಳಿ. ಯಂತ್ರಕ್ಕೇ ಹೊಡೆದುಕೊಂಡವರು ಕಡಿಮೆ ಏನಿಲ್ಲ.

ಎರಡನೆಯದು ನಳಿಗೆಯ ತುದಿಗೇ ಸಿಕ್ಕಿಸುವ ಪುಟ್ಟ ಯಂತ್ರ. ಒಳಗೇ ಇನ್‌ಫ್ರಾರೆಡ್ ಇರೋದರಿಂದ ಮಳೆಗಾಲ, ಕತ್ತಲೆಕೋಣೆ ಯಾವುದೂ ಲೆಕ್ಕಕ್ಕಿಲ್ಲ. ಪಿಸಿಪಿ ಇದ್ದವರಿಗೆ ಇದೇ ಸಾಕು. ನಳಿಗೆ ಮುರಿದು ಸ್ಪ್ರಿಂಗ್ ಎಳೆಯುವ ಗನ್ನಿಗೆ ಮಾತ್ರ ಸ್ವಲ್ಪ ಕಿರಿಕಿರಿ: ಪ್ರತಿ ಸಲ ಕೈಗೆ ಅಡ್ಡ ಬರುತ್ತೆ, ಒದೆತಕ್ಕೆ ಸಡಿಲಾಗುತ್ತೆ, ಸೊಟ್ಟಗೆ ಕೂತರೆ ಪೆಲೆಟ್ ತಗಲುತ್ತೆ.

ಮೂರನೆಯದು ರಾಡಾರ್. ಪಕ್ಕದಲ್ಲಿಟ್ಟರೆ ಸಾಕು, ಬೆಳಕೂ ಬೇಡ, ಪೆಲೆಟ್ ತಗಲೋ ಭಯವೂ ಇಲ್ಲ. ಆದರೆ 2023ರಲ್ಲಿ ಬಂದ ಗಾರ್ಮಿನ್ ಝೀರೋ ಸಿ1 ಪ್ರೋಗೆ ಅಮೆರಿಕದಲ್ಲೇ ಸುಮಾರು 600 ಡಾಲರ್ ಬೆಲೆ ಇಟ್ಟಿದ್ದರು. ಇಲ್ಲಿಗೆ ತರಿಸೋ ಖರ್ಚು ಬೇರೆ. ಒಬ್ಬರೇ ಕೊಳ್ಳೋದು ದಂಡ. ನಾಲ್ಕೈದು ಜನ ಸೇರಿ ತಗೊಂಡರೆ ಅರ್ಥವಿದೆ. ಗುಂಡಿನ ಸದ್ದು ಮತ್ತು ಗುರಿಗೆ ಬಡಿದ ಸದ್ದಿನ ನಡುವಿನ ಹೊತ್ತನ್ನು ಅಳೆಯುವ ಮೊಬೈಲ್ ಆ್ಯಪ್‌ಗಳೂ ಇವೆ. ಅವು ಕೊಡೋದು ದಾರಿಯುದ್ದದ ಸರಾಸರಿ ವೇಗ, ನಳಿಗೆ ಬಾಯಿಯದಲ್ಲ. ಕಾನೂನಿನ ಲೆಕ್ಕಕ್ಕೆ ಅದು ನಡೆಯೋದಿಲ್ಲ.

ಇವೇನೂ ಇಲ್ಲದ ಕಾಲದಲ್ಲಿ, 1742ರಲ್ಲಿ, ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಓಲಾಡಿತು ಅನ್ನೋದರಿಂದಲೇ ವೇಗ ಲೆಕ್ಕ ಹಾಕುವ ವಿಧಾನ ಪ್ರಕಟಿಸಿದ್ದ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು 1751ರಲ್ಲಿ ತಮಿಳುನಾಡಿನ ಕಡಲೂರು ಬಳಿಯ ಕೋಟೆಯಲ್ಲೇ ತೀರಿಕೊಂಡ.

ಯಂತ್ರ ಯಾವುದೇ ಇರಲಿ, ಒಂದು ಗುಂಡಿನ ಅಂಕಿ ನಂಬಬೇಡಿ. ಹತ್ತು ಹೊಡೆದು ಬರೆದಿಡಿ. ಹೊಸ ಸ್ಪ್ರಿಂಗ್ ಗನ್ನಿನಲ್ಲಿ ಎಣ್ಣೆ ಹೆಚ್ಚಿದ್ದರೆ ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಮೊದಲ ಗುಂಡುಗಳು ಹೊಗೆ ಸಮೇತ ಜೋರಾಗಿ ಹೋಗುತ್ತವೆ. ಅವನ್ನು ಬಿಟ್ಟು ಎಣಿಸಿ. ಕೆಲ ತಿಂಗಳ ನಂತರ ಅದೇ ಪೆಲೆಟ್‌ಗೆ ವೇಗ ಇಳಿದಿದ್ದರೆ ಸ್ಪ್ರಿಂಗ್ ಅಥವಾ ಸೀಲ್ ಸೋತಿದೆ ಅಂತ.

20 ಜೂಲ್ ಒಳಗಿದೆ ಅಂತ ಗನ್ ಹೆಗಲಿಗೆ ಹಾಕಿ ಕಾಡಿಗೆ ಹೊರಡೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜೂಲ್ ಲೆಕ್ಕವೇ ಇಲ್ಲ. ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಾಧನವೂ ಅಲ್ಲಿ ಆಯುಧವೇ. ದಾಂಡೇಲಿ ವನ್ಯಜೀವಿಧಾಮವಾಗಲಿ, ಅಣಶಿ ರಾಷ್ಟ್ರೀಯ ಉದ್ಯಾನವಾಗಲಿ, ಲಿಖಿತ ಅನುಮತಿ ಇಲ್ಲದೆ ಅದನ್ನು ಒಯ್ಯುವಂತಿಲ್ಲ. ಜೋಯಿಡಾದ ಎಷ್ಟೋ ಊರುಗಳ ದಾರಿಯೇ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹೋಗೋದರಿಂದ ಗನ್ ಮನೆಗೆ ತರೋ ಮುಂಚೆಯೇ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ತೋಟಕ್ಕೆ ಬಂದ ಮಂಗ, ಮುಸಿಯಗಳಿಗೆ ಹೊಡೆದರೂ, ಮಂಗಟ್ಟೆಗೆ ಗುರಿಯಿಟ್ಟು ತಪ್ಪಿದರೂ ಕಾಯ್ದೆಯ ಕಣ್ಣಿಗೆ ಅದು ಬೇಟೆಯೇ.